ತಿನ್ನುವ ಎಣ್ಣೆ ಎಂದವನು

ಪಿಲ್ಲಗುಂಪೆಯಲ್ಲಿ ನಮ್ಮ ಕಾರ್ಖಾನೆಯ ಗೇಟಿನೆದುರಿಗೇ ಒಂದು ಬಜ್ಜಿ ಗಾಡಿ. ಸಂಜೆ ಕಾದ ಎಣ್ಣೆಯ ವಾಸನೆಗೆ ಜೊತೆಯವರೆಲ್ಲ ನಿಲ್ಲುತ್ತಾರೆ; ನಾನು ಬೈಕಿನ ವೇಗ ಹೆಚ್ಚಿಸುತ್ತೇನೆ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ.

ನಾವು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವವರು. ನನ್ನದು ಎಣ್ಣೆ ಪರೀಕ್ಷೆಯ ಕೋಣೆ. ಟ್ರಾನ್ಸ್‌ಫಾರ್ಮರಿನ ಒಳಗೆ ತಾಮ್ರದ ಸುರುಳಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಎಣ್ಣೆ ಬಿಸಿಯನ್ನು ಎಳೆದುಕೊಳ್ಳುತ್ತದೆ, ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ತಡೆಯುತ್ತದೆ. ಮೊದಲೆಲ್ಲ ಪೆಟ್ರೋಲಿಯಂ ಎಣ್ಣೆಯೇ. ಆಮೇಲೆ ಸೋಯಾ ಕಾಳಿನ ಎಣ್ಣೆಯೂ ಬಂತು. ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಸೋರಿದರೂ ಮಣ್ಣಲ್ಲಿ ಕರಗಿಹೋಗುತ್ತದೆ. ಅದನ್ನು ನಾನೇ ಕಂಡುಹಿಡಿದಷ್ಟು ಜಂಬ ನನಗೆ.

ಆ ಜಂಬಕ್ಕೇ, ರಿಪೇರಿಗೆ ಬಂದಿದ್ದ ಒಂದು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದ ಸೋಯಾ ಎಣ್ಣೆಯನ್ನು, ಮನೆಯವರಿಗೆ ತೋರಿಸಲೆಂದು, ಒಂದು ಕ್ಯಾನಿನಲ್ಲಿ ಸಮೇತನಹಳ್ಳಿಯ ಮನೆಗೆ ತಂದೆ. ನಮ್ಮದು ಕೂಡು ಕುಟುಂಬ. ಅಡುಗೆಮನೆ ಅಣ್ಣನ ಹೆಂಡತಿಯದು.

“ಇದೇನಪ್ಪಾ?” ಎಂದರು ಅತ್ತಿಗೆ.

“ನಮ್ ಟ್ರಾನ್ಸ್‌ಫಾರ್ಮರ್ ಎಣ್ಣೆ. ಸೋಯಾದು. ನಾವು ತಿನ್ನೋದೇ ಅಂತ ಇಟ್ಕೊಳ್ಳಿ.”

ಅವರು ಇಟ್ಟುಕೊಂಡರು.

ಮರುದಿನ ಮಧ್ಯಾಹ್ನ ಅತ್ತಿಗೆಯ ಫೋನು ಬಂತು. “ನಿಮ್ ಎಣ್ಣೆ ಚೆನ್ನಾಗೈತೆ ಕಣಪ್ಪಾ. ವಡೆ ಒಂಚೂರೂ ಎಣ್ಣೆ ಕುಡೀಲಿಲ್ಲ. ನಿನ್ ಮಗಳು ಮೂರು ತಿಂದ್ಲು.”

ಸ್ಕೂಲಿಗೆ ರಜೆ, ಏಳು ವರ್ಷದ ಮಗಳು ಮನೆಯಲ್ಲಿದ್ದಳು. “ಒಲೆ ಆರ್ಸಿ, ಯಾರೂ ತಿನ್ಬೇಡಿ!” ಎಂದು ಕೂಗಿದ್ದು ನೆನಪಿದೆ. ದಾರಿ ನೆನಪಿಲ್ಲ.

ಇಬ್ಬರನ್ನೂ ಹೊಸಕೋಟೆಯ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಕೇಳಿದರು: “ಅದರಲ್ಲಿ ಏನೇನಿದೆ?”

“ಸೋಯಾ... ಜೊತೆಗೆ ಕೆಡದ ಹಾಗೆ ಏನೋ ಸೇರಿಸಿರ್ತಾರೆ. ವರ್ಷಗಟ್ಟಲೆ ತಾಮ್ರದ ಜೊತೆ ಕಾದಿರೋದು.”

“ಏನೋ ಅಂದ್ರೆ?”

“ಗೊತ್ತಿಲ್ಲ ಮೇಡಂ.”

ಎಷ್ಟು ವೋಲ್ಟೇಜು ತಡೆಯುತ್ತದೆ, ಎಷ್ಟು ತೇವವಿದೆ ಎಂದು ದಿನಾ ಬರೆದು ಸಹಿ ಹಾಕುವವನು ನಾನು. ಮಗುವಿನ ಹೊಟ್ಟೆ ಎಷ್ಟು ತಡೆಯುತ್ತದೆ ಎಂದು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ತಾವೂ ವಡೆ ತಿಂದಿದ್ದ ಅತ್ತಿಗೆ ಎರಡು ಸಲ ವಾಂತಿ ಮಾಡಿಕೊಂಡರು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಅದು ನಿದ್ದೆಯೋ, ಇನ್ನೇನೋ? ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರು ತಗುಲಿತು. ಬೆರಳು ತೆಗೆದೆ, ಮತ್ತೆ ಇಟ್ಟೆ. ಸಂಜೆ ಅವಳು ಕಣ್ಣುಬಿಟ್ಟು “ಅಪ್ಪಾ, ಹೊಟ್ಟೆ ಹಸೀತೈತೆ” ಎಂದಾಗ ಗೋಡೆಯ ಕಡೆ ತಿರುಗಿಕೊಂಡು ಅತ್ತೆ.

ಇಬ್ಬರಿಗೂ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅಣ್ಣ ಬೈದ. ಅತ್ತಿಗೆ ಬೈಯಲಿಲ್ಲ, “ಓದಿದೋನು ನೀನು. ನೀನು ಹೇಳಿದ್ಮೇಲೆ ಸರಿಯಾಗೇ ಇರ್ತದೆ ಅಂದ್ಕೊಂಡೆ” ಎಂದರು ಅಷ್ಟೇ. ಆ ಮಾತು ಈಗಲೂ ನನ್ನನ್ನು ಹೆದರಿಸುತ್ತದೆ.

ಇವತ್ತು ಬೆಳಿಗ್ಗೆ ಅವರು ಬಿಪಿ ಮಾತ್ರೆ ತಂದು ಹಿಡಿದರು. “ಇದು ಊಟಕ್ಕೆ ಮುಂಚೇನಾ, ಆಮೇಲಾ? ನೀನು ಹೇಳಿದಂಗೆ ತಗೊಳ್ತೀನಿ.”

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಗೊತ್ತಿದ್ದ ಉತ್ತರವೇ.

“ಈಗ್ಲೇ ತಗೋಬೇಡಿ, ಡಾಕ್ಟರಮ್ಮನ್ನ ಕೇಳ್ಕೊಂಡ್ ಬರ್ತೀನಿ ಇರಿ ಅತ್ತಿಗೆ” ಎಂದು ಬೈಕ್ ಹೊರಗೆ ತೆಗೆದೆ.