ತುಂಗಮ್ಮನ ಪಟ್ಟಿಯಲ್ಲಿದ್ದರಷ್ಟೇ ಒಳಗೆ

ಬೆಳಗಿನ ಆರು ಗಂಟೆ. ಮೂಡಿಗೆರೆಯ ಸಣ್ಣ ಆಸ್ಪತ್ರೆಯೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಫೋನ್ ಒಂದೇ ಸಮ ಬಡಿದುಕೊಳ್ಳುತ್ತದೆ. ಆ ಕಡೆ ಹೊರನಾಡಿನ ಉಪಕೇಂದ್ರದ ನರ್ಸ್ ಸುಕನ್ಯಾ. "ತುಂಗಕ್ಕ, ಕರೆಂಟ್ ಹೋಗಿ ಬಂತು. ಈಗ ಯಾರ ಫೈಲೂ ತೆರೀತಿಲ್ಲ ನೋಡಿ!"

"ಫೋನ್ ಇಡು ಮಾರಾಯ್ತಿ, ನಾನೇ ಮಾಡ್ತೀನಿ," ಎನ್ನುತ್ತಾರೆ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಐವತ್ತಾರರ ತುಂಗಮ್ಮ. ದನಿಯ ಗುರುತು ಸಿಕ್ಕರೂ ಅಷ್ಟೇ, ಉಪಕೇಂದ್ರದ ಲ್ಯಾಂಡ್‌ಲೈನಿಗೆ ತಾವೇ ಕರೆ ಮಾಡಿ, ಅಲ್ಲಿಂದಲೇ ಉತ್ತರ ಬಂದ ಮೇಲೆ ಅವರ ಕೈ ಕೀಬೋರ್ಡಿಗೆ ಹೋಗುವುದು.

ಸಂಗತಿ ಇಷ್ಟೇ. ರೋಗಿಗಳ ದಾಖಲೆಯೆಲ್ಲ ಚಿಕ್ಕಮಗಳೂರಿನ ಕಚೇರಿಯ ಕಂಪ್ಯೂಟರಿನಲ್ಲಿದೆ. ಪ್ರತಿ ಇಂಟರ್‌ನೆಟ್ ಸಂಪರ್ಕಕ್ಕೂ ಐಪಿ ವಿಳಾಸ ಎಂಬ ಒಂದು ಸಂಖ್ಯೆ ಇರುತ್ತದೆ. ಆಸ್ಪತ್ರೆಯದು ಮತ್ತು ಒಂಬತ್ತು ಉಪಕೇಂದ್ರಗಳದು, ಈ ಹತ್ತು ಸಂಖ್ಯೆಗಳು ತುಂಗಮ್ಮನ ಪಟ್ಟಿಯಲ್ಲಿವೆ. ಅಲ್ಲಿಂದ ಬಂದವರಿಗೆ ಮಾತ್ರ ದಾಖಲೆ ತೆರೆಯುತ್ತದೆ. ಉಳಿದವರು ಪಾಸ್‌ವರ್ಡ್ ಬಾಯಿಪಾಠ ಒಪ್ಪಿಸಿದರೂ ಹೊರಗೇ. ಆದರೆ ಮಲೆನಾಡಿನ ಕರೆಂಟು ಹೇಳಿ ಕೇಳಿ ಹೋಗುತ್ತದೆಯೇ? ಹೋಗಿ ಬಂದಾಗಲೆಲ್ಲ ಉಪಕೇಂದ್ರದ ಸಂಖ್ಯೆ ಬದಲಾಗುತ್ತದೆ, ಹೊಸದನ್ನು ಪಟ್ಟಿಗೆ ಸೇರಿಸುವವರೆಗೆ ಫೈಲು ತೆರೆಯದು. ಮಳೆಗಾಲದಲ್ಲಿ ದಿನಕ್ಕೆ ಇಪ್ಪತ್ತು ಸಲ ಪಟ್ಟಿ ತಿದ್ದಿದ್ದೂ ಉಂಟು.

ಬಣಕಲ್ ಕಡೆಯ ಎಸ್ಟೇಟೊಂದರ ಟೆಲಿಫೋನ್ ಬೋರ್ಡಿನ ಮುಂದೆ ಹದಿನಾರು ವರ್ಷ ಕೂತವರು ಇವರು. ಎಲ್ಲರ ಕೈಗೂ ಮೊಬೈಲ್ ಬಂತು, ಬೋರ್ಡು ಮೂಲೆ ಸೇರಿತು, ಕೆಲಸವೂ ಹೋಯಿತು. ನಲವತ್ತೈದರಲ್ಲಿ ಕಂಪ್ಯೂಟರ್ ಕಲಿತರು. ಇಲ್ಲಿ ಸೇರಿದ ಮೊದಲ ತಿಂಗಳೇ ಪಟ್ಟಿಯಿಂದ ತಾವು ಕೂತ ಆಸ್ಪತ್ರೆಯ ಸಂಖ್ಯೆಯನ್ನೇ ಅಳಿಸಿ, ಅದನ್ನು ಸರಿಮಾಡಲು ಚಿಕ್ಕಮಗಳೂರಿನ ಬಸ್ಸು ಹತ್ತಿದರಂತೆ. "ಬೀಗದ ಕೈ ಒಳಗಿಟ್ಟು ಬಾಗ್ಲು ಎಳ್ಕೊಂಡಂಗಾಯ್ತು!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಗದೇ ಹೇಳುವ ಕಥೆಯೂ ಒಂದಿದೆ. ಹೋದ ವರ್ಷ ಆಸ್ಪತ್ರೆ ಸಮಿತಿಯಲ್ಲಿರುವ ತೋಟದ ಮಾಲೀಕರೊಬ್ಬರು ತಮ್ಮ ಬಂಗಲೆಯ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸು ಎಂದರು. ತಮ್ಮ ತೋಟದ ಕೂಲಿಗಳ ಲೈನ್‌ಮನೆಯಲ್ಲಿರುವ ಹೆಂಗಸೊಬ್ಬಳಿಗೆ ಕ್ಷಯ ಇದೆಯೇ ಎಂದು ನೋಡಬೇಕಿತ್ತು ಅವರಿಗೆ. ಇದೆ ಎಂದಾದರೆ ಆಕೆಗೆ ಕೆಲಸವೂ ಇಲ್ಲ, ಮನೆಯೂ ಇಲ್ಲ.

"ಆಗಲ್ಲ ಸಾರ್ ಅಂದೆ. ಹಂಗಾದ್ರೆ ನಿನ್ನನ್ನೇ ತೆಗೀತೀನಿ ಅಂದ್ರು. ಈ ವಯಸ್ಸಲ್ಲಿ ನಂಗೆ ಇನ್ಯಾರು ಕೆಲ್ಸ ಕೊಡ್ತಾರೆ ಹೇಳಿ?"

ಮಾಲೀಕರ ದೂರು ಸಮಿತಿಯ ಮುಂದೆ ಬಂತು. ಆಸ್ಪತ್ರೆಯ ಡಾಕ್ಟರ್ ಕವನಾ ಎದ್ದು ನಿಂತು, "ತುಂಗಮ್ಮನವರನ್ನ ತೆಗೆಯೋದಾದ್ರೆ ನನ್ನ ರಾಜೀನಾಮೆನೂ ತಗೊಳ್ಳಿ" ಎಂದರು. ಅಲ್ಲಿಗೆ ಮಾತು ಮುಗಿಯಿತು. ಬಂಗಲೆಯ ಸಂಖ್ಯೆ ಇವತ್ತಿಗೂ ಪಟ್ಟಿಯಲ್ಲಿಲ್ಲ. ಆ ಹೆಂಗಸು ಅದೇ ತೋಟದಲ್ಲಿ ಈ ಸಲವೂ ಕಾಫಿ ಹಣ್ಣು ಕುಯ್ದಳು. ತನಗಾಗಿ ಒಬ್ಬರು ಕೆಲಸ ಪಣಕ್ಕಿಟ್ಟಿದ್ದರು ಎಂಬುದು ಅವಳಿಗೆ ಗೊತ್ತೇ ಇಲ್ಲ.

ಅದಿರಲಿ, ಆಕೆಗೆ ನಿಜಕ್ಕೂ ಕ್ಷಯ ಇತ್ತೇ? ಕೇಳಿದರೆ ತುಂಗಮ್ಮ ಕಾಫಿ ಲೋಟವನ್ನು ಮುಂದೆ ತಳ್ಳುತ್ತಾರೆ.

"ನಂಗೇನ್ ಗೊತ್ತು ಮಾರಾಯ್ರೆ? ನಾನೂ ತೆಗ್ದು ನೋಡಿಲ್ಲ."