ಉಡಿಯ ಫೋಟೋ

ಅವ್ವನ ಟ್ರಂಕಿನಲ್ಲಿ ರೇಷನ್ ಕಾರ್ಡ್ ಹುಡುಕುವಾಗ ಕೈಗೆ ಸಿಕ್ಕಿದ್ದು ಒಂದು ಹಸಿರು ಕಣ. ಒಂದು ಕುಬಸಕ್ಕೆ ಸಾಲುವಷ್ಟು ಬಟ್ಟೆ, ಅದರ ಮೇಲೆ ತೋಳಿನ ಅಳತೆಗೆ ಎಳೆದ ಬಿಳಿ ಚಾಕಿನ ಗೆರೆ. ಮೂಗಿಗೆ ಹಿಡಿದರೆ ಡಾಂಬರು ಗುಳಿಗೆಯ ಘಾಟಿನ ಜೊತೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇನ್ನೂ ಇತ್ತು. ಟ್ರಂಕು ಮುಚ್ಚಿ ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ, ಅಲ್ಲೇ ಕುಳಿತೆ...

ಸಂತಪುರದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿದ ಮನೆ ಊರಿಗೆಲ್ಲ ಚಿಕ್ಕಮ್ಮನಂತಿದ್ದ ಹೊಲಿಗಿ ಕಾಕುದು. ಊರಿನ ಅರ್ಧ ಹೆಂಗಸರ ಕುಬಸ ಅವಳ ಕೈಯವು. ಟೇಪು ಕೊರಳಲ್ಲಿ ಶೋಕಿಗೆ ಮಾತ್ರ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಅವಳಿಗೆ ಅಳತೆ ಗೊತ್ತಾಗುತ್ತಿತ್ತು. "ಈ ಸಲ ಎರಡು ಬೆರಳು ಹೆಚ್ಚಿಗಿ ಬಿಡ್ತೀನಿ, ಹೋಳಿಗಿ ಜಾಸ್ತಿ ಆಗ್ಯಾವ" ಎಂದು ಮುಖದ ಮೇಲೇ ಹೇಳುವವಳು. ಯಾರೂ ಸಿಟ್ಟಾಗುತ್ತಿರಲಿಲ್ಲ.

ನಾನು ಆಗ ಬೀದರದ ಕಾಲೇಜಿನಲ್ಲಿ ಡಿಜಿಟಲ್ ಮೀಡಿಯಾ ಓದುತ್ತಿದ್ದೆ. ಶನಿವಾರ ಬಸ್ಸಿಳಿದು ಬಂದವಳೇ ಕಾಕುವಿನ ಯಂತ್ರದ ಪಕ್ಕ ಕೂತು ಕ್ಲಾಸಿನಲ್ಲಿ ಕೇಳಿದ್ದನ್ನೆಲ್ಲ ಒದರುತ್ತಿದ್ದೆ. ಫ್ರೇಮು, ಬೆಳಕು, ಬೇಡದ್ದನ್ನು ಕತ್ತರಿಸುವುದು. ಕಾಕು ಪೆಡಲ್ ನಿಲ್ಲಿಸಿ ನಕ್ಕಳು.

"ಇದು ನನ್ನ ಕೆಲಸನೇ ಅದಲ್ಲ ತಂಗಿ. ನೀನೂ ಕತ್ತರಿಸ್ತಿ, ನಾನೂ ಕತ್ತರಿಸ್ತೀನಿ. ಆದ್ರ ನಾ ಕತ್ತರಿ ಹಾಕೂದಕ್ಕಿಂತ ಮೊದಲು ಮೈ ಯಾರದು ಅಂತ ಕೇಳ್ತೀನಿ."

ನಾನೂ ನಕ್ಕೆ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ ಕೂಡ. ಬರೆದುಕೊಂಡು ಏನು ಬಂತು?

ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಮದುವೆಗಳು ಮುಂದಕ್ಕೆ ಹೋದವು, ಹಬ್ಬಕ್ಕೆ ಹಳೇ ಸೀರೆಯೇ ಆಯಿತು. ಟ್ಯಾಂಕರ್ ನೀರಿಗೆ ಪಾಳಿ ಹಚ್ಚುವ ಊರಲ್ಲಿ ಹೊಸ ಕುಬಸ ಯಾರು ಹೊಲಿಸುತ್ತಾರೆ? ಕಾಕುವಿನ ಗಂಡ ಮಗಳನ್ನು ಕರೆದುಕೊಂಡು ಮೊದಲೇ ಪುಣೆಗೆ ಹೋಗಿದ್ದ. ಕಡೆಗೆ ಕಾಕುವೂ ಅಲ್ಲಿ ಬಟ್ಟೆ ಕಾರ್ಖಾನೆಯೊಂದಕ್ಕೆ ಹೊರಟಳು. ಯಂತ್ರಕ್ಕೆ ಹಳೇ ಸೀರೆ ಸುತ್ತಿ ನಮ್ಮ ಪಡಸಾಲೆಯಲ್ಲಿ ಇಟ್ಟಳು.

ಹೊರಡುವ ದಿನ ಮುಂಜಾನೆ ಅವ್ವ ಉಡಿ ತುಂಬಲು ಅವಳನ್ನು ಮಣೆಯ ಮೇಲೆ ಕೂರಿಸಿದಳು. ಮುತ್ತೈದೆಯನ್ನು ಬರಿ ಉಡಿಯಲ್ಲಿ ಊರು ದಾಟಿಸಬಾರದು ಎಂಬುದು ಅವ್ವನ ಹಟ. ಕಾಕು ತಲೆ ತುಂಬ ಹೊದ್ದು ಸೆರಗು ಒಡ್ಡಿದಳು. ಅವ್ವ ಹಸಿರು ಕಣ, ಕೊಬ್ಬರಿ ಬಟ್ಟಲು ಇಟ್ಟು, ಐದು ಸಲ ಬೊಗಸೆ ಅಕ್ಕಿ ಹಾಕಿದಳು. "ನಿನ್ನ ಕುಬಸ ನೀನೇ ಹೊಲಕೋ, ನನಗ ಬರೂದಿಲ್ಲ" ಎಂದಳು. ಕಾಕು ಉಡಿಯನ್ನೇ ನೋಡುತ್ತಾ ಮುಸಿಮುಸಿ ನಕ್ಕಳು. ನಾನು ಅದಕ್ಕೂ ತುಸು ಮೊದಲು, ಮೊದಲ ಬೊಗಸೆ ಬೀಳುವಾಗ, ಫೋನಿನಲ್ಲಿ ಫೋಟೋ ತೆಗೆದಿದ್ದೆ. ಕಾಕು ಇನ್ನೂ ನಕ್ಕಿರಲಿಲ್ಲ.

ಆ ತಿಂಗಳು ಕಾಲೇಜಿನ ಪ್ರದರ್ಶನಕ್ಕೆ ಕೊಟ್ಟ ವಿಷಯ ಬರ. ನಾವೆಲ್ಲ ಬಗದಲ್ ಕಡೆ ಹೋಗಿ ಒಂದೇ ಕೆರೆಯ ಬಿರುಕನ್ನು ಫೋಟೋ ಹೊಡೆದು ಬಂದಿದ್ದೆವು. ಎಲ್ಲರ ಫೋನಿನಲ್ಲೂ ಅದೇ ಬಿರುಕು. ನನಗೆ ಬೇರೆ ಏನಾದರೂ ಬೇಕಿತ್ತು. ಹಾಸ್ಟೆಲಿನಲ್ಲಿ ಕೂತು ಕಾಕುವಿನ ಫೋಟೋ ತೆರೆದು ಒಂದು ಬದಿಯಿಂದ ಕತ್ತರಿಸುತ್ತಾ ಬಂದೆ. ಅವ್ವನ ಮುಖ ಹೋಯಿತು, ಬಳೆ ಹೋದವು, ಅಕ್ಕಿ ಹಾಕುವ ಕೈ ಹೋಯಿತು. ಬಗ್ಗಿದ ತಲೆ, ಒಡ್ಡಿದ ಸೆರಗು ಉಳಿಯಿತು; ಸೆರಗಿನೊಳಗಿನ ಕಣ, ಕೊಬ್ಬರಿ ಕಾಣುತ್ತಿರಲಿಲ್ಲ. ಎದೆ ಝಲ್ ಎಂದಿತು. ಆದರೆ ಅದು ಖುಷಿಗೆ. ಹಾಗೇ ಸೇವ್ ಮಾಡಿದೆ, ಮೂಲ ಫೋಟೋದ ಮೇಲೇ.

ಪ್ರದರ್ಶನಕ್ಕೆ ಬಂದ ಅತಿಥಿಯೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು.

"ಭಿಕ್ಷಾ ಬೇಡ್ಲತ್ತಾರೇನಮ್ಮ?"

"ಬರ ಅದ ಅಲ್ರಿ ಸರ್" ಎಂದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮೊದಲ ಬಹುಮಾನ ಬಂತು. ಬರ ಪರಿಹಾರಕ್ಕೆ ಧಾನ್ಯ ಕೂಡಿಸುವ ಮಂದಿ ಫ್ಲೆಕ್ಸಿಗೆ ಆ ಫೋಟೋ ಕೇಳಿದರು. ಒಳ್ಳೆಯ ಕೆಲಸಕ್ಕೆ ತಾನೆ ಎಂದು ಕೊಟ್ಟೆ. ನಿಜ ಹೇಳಬೇಕೆಂದರೆ, ನನ್ನ ಫೋಟೋ ಅಷ್ಟು ದೊಡ್ಡದಾಗುತ್ತದಲ್ಲ ಎಂಬ ಜಂಬಕ್ಕೆ ಕೊಟ್ಟೆ.

ಕಾಕು ಪಂಚಮಿಗೆಂದು ಊರಿಗೆ ಬಂದಳು. ಭಾಲ್ಕಿಯಲ್ಲಿ ರೈಲಿಳಿದು ಬಸ್ ಸ್ಟ್ಯಾಂಡಿಗೆ ಹೋದರೆ ಅಲ್ಲಿ ಫ್ಲೆಕ್ಸಿನಲ್ಲಿ ಅವಳೇ, ಆಳೆತ್ತರ. ನಮ್ಮ ಮನೆಗೆ ಬಂದಾಗ ಅವ್ವ ಕೊಟ್ಟ ನೀರನ್ನು ಮುಟ್ಟಲಿಲ್ಲ. ಬಯ್ಯುತ್ತಾಳೆಂದು ನಾನು ಕಾದೆ. ಬಯ್ಯಲೂ ಇಲ್ಲ.

"ಬಸ್ ಸ್ಟ್ಯಾಂಡದಾಗ ಒಬ್ಬಾಕಿ ಫೋಟೋ ನೋಡಿ, ನನ್ನ ಮಾರಿ ನೋಡಿ, ರೊಟ್ಟಿ ಕೊಡ್ಲಕ್ಕ ಬಂದಳು ತಂಗಿ. ನಿಮ್ಮವ್ವ ತುಂಬಿದ್ದು ಉಡಿ. ನೀ ಜೋಳಿಗಿ ಮಾಡಿದಿ."

ಚೀಲದಿಂದ ಹಸಿರು ಕಣ ತೆಗೆದು ಅವ್ವನ ಕೈಯಲ್ಲಿಟ್ಟಳು. ಹಬ್ಬಕ್ಕೆ ಇಲ್ಲಿಯೇ ನಮ್ಮ ಪಡಸಾಲೆಯಲ್ಲಿ ತನ್ನ ಯಂತ್ರದ ಮೇಲೆ ಹೊಲಿಯಬೇಕೆಂದು ಗೆರೆ ಎಳೆದುಕೊಂಡು ತಂದಿದ್ದಳಂತೆ. ಉಡಿಯ ಕಣ ತಿರುಗಿ ಬಂದರೆ ನಂಟು ಹರಿದಂತೆ ಎಂದು ಅವ್ವನಿಗೆ ಗೊತ್ತು. ಅವಳು ಕಣ ನೋಡಲಿಲ್ಲ, ನನ್ನನ್ನು ನೋಡಿದಳು. ಮರುದಿನ ಟೆಂಪೊ ಬಂದು ಯಂತ್ರ ಒಯ್ದಿತು.

ಮೂರು ಸಲ ಫೋನ್ ಮಾಡಿದೆ, ಕಾಕು ಎತ್ತಲಿಲ್ಲ. ನಾಲ್ಕನೆಯ ಸಲ ಮಾಡಬಹುದಿತ್ತು... ಮಾಡಲಿಲ್ಲ. ಅವ್ವ ಆಮೇಲೆ ನನ್ನೆದುರು ಯಾರಿಗೂ ಉಡಿ ತುಂಬಲಿಲ್ಲ. ಹೋದ ವರ್ಷ ಕಾಕು ಪುಣೆಯಲ್ಲೇ ತೀರಿಹೋದಳೆಂದು ಗೊತ್ತಾದಾಗಲೂ ಅವ್ವ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಳು, ನನ್ನನ್ನು ಕರೆಯಲಿಲ್ಲ.

ಕಣ ಸಿಕ್ಕ ದಿನ ಅವ್ವನಿಂದ ನಂಬರ್ ತೆಗೆದುಕೊಂಡು ಕಾಕುವಿನ ಮಗಳಿಗೆ ಫೋನ್ ಮಾಡಿದೆ. ಕಣ ಅವಳಿಗೆ ಕೊಡಬೇಕೆಂದಿದ್ದೆ. ನಾನು ಬಾಯಿ ಬಿಡುವುದರೊಳಗೆ ಅವಳೇ ಕೇಳಿದಳು: "ಅಕ್ಕಾ, ನೀವು ಫೋಟೋ ತೆಗೀತಿದ್ರಂತಲ್ಲ, ಅವ್ವಂದು ಒಂದಾರೆ ಅದ ಏನ್ರಿ? ಆಧಾರ್ ಕಾರ್ಡದಾಗಿಂದು ಅವ್ವನಂಗ ಇಲ್ಲ."

ನನ್ನ ಹತ್ತಿರ ಇದ್ದದ್ದು ಒಂದೇ. ಅದನ್ನು ತೆರೆದು ಮತ್ತೆ ಕತ್ತರಿಸಿದೆ. ಸೆರಗು ತೆಗೆದು ಮುಖವಷ್ಟೇ ಉಳಿಸಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಚಂದ ಅದ ಅಕ್ಕಾ. ಆದ್ರ ಅವ್ವ ತಲಿ ಯಾಕ ಬಗ್ಗಿಸ್ಯಾಳ?"

"ನಮ್ಮವ್ವ ಉಡಿ ತುಂಬ್ಲತ್ತಿದ್ದಳು. ನಿಮ್ಮವ್ವ ಉಡ್ಯಾಗಿನ ಅಕ್ಕಿ ನೋಡ್ಲತ್ತಿದ್ದಳು."

ಅಂದು ಆ ಅತಿಥಿಗೆ ಹೇಳಬೇಕಾಗಿದ್ದ ಮಾತು ಅದು. ಆ ಕಡೆ ಹುಡುಗಿ ಸಂತೋಷಪಟ್ಟಳು.

"ಹೌದಾ! ಹಂಗಾರೆ ನಿಮ್ಮವ್ವ ಎಲ್ಲಿ ಫೋಟೋದಾಗ? ಇಬ್ಬರದೂ ಕೂಡಿ ಇರೋದು ಕಳಸ್ರಿ."

ಅದು ಇಲ್ಲ, ನಾನೇ ಕತ್ತರಿಸಿದೆ ಎಂದೆ.