ಭಂಡಾರ ಬಿದ್ದ ಎಂಜಿನ್

ಕೆಳಗಿನ ಮನೆಯ ಕಾಕು ಮೊನ್ನೆ ಔಡಲೆಣ್ಣೆ ಬಿಸಿ ಮಾಡಿ ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದರು. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಕೂರು ಎಂದರೂ ನನಗೆ ಕೂರಲಾಗಲಿಲ್ಲ. ಅವರ ಗಂಡ, ನಮ್ಮ ಕಾಕಾರ ಅಂಗಿಗಳೆಲ್ಲ ಇದೇ ವಾಸನೆ ಹೊಡೆಯುತ್ತಿದ್ದವು...

ಕಾಕಾ ವಿಜಯಪುರದ ಕಡೆಯವರು, ಪುಣೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿ ಮಾತ್ರ ಅವರ ಮೈಗೆ ಹತ್ತಲಿಲ್ಲ. ಚಹಾ ಕೂಡ ನಿಂತೇ ಕುಡಿಯುವ ಮನುಷ್ಯ. ಊರಾಚೆಯ ಶೆಡ್ಡೊಂದರಲ್ಲಿ, ಹಳೆಯ ಯಂತ್ರಗಳ ಹುಚ್ಚಿದ್ದ ಮಾಲೀಕರೊಬ್ಬರು ಅಜ್ಜನ ಕಾಲದ ವಿಮಾನದ ಎಂಜಿನ್ನನ್ನು ಬಿಡಿಬಿಡಿಯಾಗಿ ತಂದಿಟ್ಟಿದ್ದರು. ಕಾಕಾ ಅದನ್ನು ಜೋಡಿಸಲು ಹೋದರು, ಹಗಲೂ ರಾತ್ರಿ ಅಲ್ಲೇ ಬಿದ್ದಿರತೊಡಗಿದರು.

"ಇದರ ಷಾಫ್ಟ್ ನಿಂತಿರ್ತದವಾ, ಪಂಖಾದ ಜೊತಿ ಎಂಜಿನ್ನ ತಿರಗತದ," ಎಂದು ಊಟದ ತಟ್ಟೆ ತಿರುಗಿಸಿ ತೋರಿಸಿದ್ದರು. ಪೆಟ್ರೋಲಿನ ಜೊತೆಗೆ ಕುಡಿಯಲು ಅದಕ್ಕೆ ಔಡಲೆಣ್ಣೆಯೇ ಆಗಬೇಕು. ನಿಧಾನ ಅನ್ನುವುದು ಅದಕ್ಕೆ ತಿಳಿಯದು. ಓಡಿದರೆ ಪೂರ್ತಿ, ಇಲ್ಲವೇ ಕಿಡಿ ನಿಲ್ಲಿಸಬೇಕು. ನಿಮ್ಮಿಬ್ಬರದು ಒಳ್ಳೆಯ ಜೋಡಿ ಎಂದು ನಾನು ರೇಗಿಸುತ್ತಿದ್ದೆ.

ಮಾಲೀಕರ ತಾಳ್ಮೆ ಒಂದು ದಿನ ಮುಗಿಯಿತು. ಭಾನುವಾರ ಚಾಲೂ ಆದರೆ ಶೆಡ್ಡಿನಲ್ಲೇ ಇರಲಿ, ಆಗದಿದ್ದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಕೊಟ್ಟುಬಿಡುತ್ತೇನೆ ಎಂದರು. ಆ ವಾರ ಕಾಕಾ ತಾವೂ ನಿದ್ದೆ ಮಾಡಲಿಲ್ಲ, ಕಾಕುವನ್ನೂ ಮಾಡಗೊಡಲಿಲ್ಲ.

ಭಾನುವಾರ ಕಾಕು, ನಾನು ಇಬ್ಬರೂ ಜೊತೆಗೆ ಹೋದೆವು. ಕಾಕು ಜೇಜುರಿಯ ಗುಡಿಯ ಭಂಡಾರ ತಂದಿದ್ದರು. ಮನೆದೇವರ ಅರಿಶಿನವನ್ನು ಚಿಟಿಕೆಯಲ್ಲಿ ಹಾಕುವ ಮನೆತನವಲ್ಲ ಅದು. "ಏಳುಕೋಟಿಗೋ" ಎಂದು ದೇವರನ್ನು ಕೂಗಿ ಬೊಗಸೆ ತುಂಬ ಎಂಜಿನ್ ಮೇಲೆ ತೂರಿದರು. ಕಾಕಾ ಕೂಡ ಭಕ್ತಿಯಿಂದ ಕೈಮುಗಿದರು.

ಮಾಲೀಕರು ಪಂಖಾ ಹಿಡಿದು ಎಳೆದರು. ಸುಮ್ಮನೆ ತಿರುಗಿ ನಿಂತಿತು. ಮತ್ತೆ ಎಳೆದರು, ಮತ್ತೆ... "ಪುರೇ ಆತಾ," ಇನ್ನು ಸಾಕು ಎಂದು ಬೆವರು ಒರೆಸಿಕೊಂಡರು. ಕಾಕಾ ಸ್ವಿಚ್ ಆರಿಸಿ ಎಂಜಿನ್ನಿನ ಹಿಂದೆ ಬಗ್ಗಿದರು. ಕಿಡಿ ದಾಟಿಸುವ ಹಿತ್ತಾಳೆ ಬಿಲ್ಲೆಗಳ ಮೇಲೆಲ್ಲ ಅರಿಶಿನ ಕೂತಿತ್ತು. ಪಕ್ಕದಲ್ಲಿದ್ದ ನಾನೂ ನೋಡಿದೆ. ಸುಮ್ಮನಿರು ಎಂದು ಕಾಕಾ ನನಗೆ ಕಣ್ಣಲ್ಲೇ ಹೇಳಿ, ತಲೆಯ ಟೋಪಿ ತೆಗೆದು ಬಿಲ್ಲೆಗಳನ್ನು ಒರೆಸಿದರು. "ಪೆಟ್ರೋಲ್ ಕಡಿಮಿ ಬಿದ್ದಿತ್ತು," ಎಂದು ಎದ್ದರು.

ಮುಂದಿನ ಎಳೆತಕ್ಕೆ ನೆಲ ನಡುಗಿತು. ಎಂಜಿನ್ನಿಗೆ ಎಂಜಿನ್ನೇ ಗಿರ್ರನೆ ತಿರುಗಿ, ಔಡಲೆಣ್ಣೆಯನ್ನೂ ಭಂಡಾರವನ್ನೂ ಒಟ್ಟಿಗೇ ನಮ್ಮ ಮೇಲೆ ಎರಚಿತು. ಮಾಲೀಕರ ಬಿಳಿ ಅಂಗಿ ಹಳದಿಯಾಯಿತು, ಕಾಕುವಿನ ಕನ್ನಡಕ ಹಳದಿಯಾಯಿತು. ಕಾಕಾ ಅಳುತ್ತಿದ್ದರು. ಅವರು ಒಂದೇ ಕಡೆ ಅಲುಗದೆ ನಿಂತದ್ದನ್ನು ನಾನು ನೋಡಿದ್ದು ಅವತ್ತೇ.

"ನೋಡ್ರಿ, ಭಂಡಾರ ಹಾಕಿದ್ದಕ್ಕ ಚಾಲೂ ಆತು," ಎಂದರು ಕಾಕು, ಎಂಜಿನ್ ನಿಂತ ಮೇಲೆ.

"ಹೌದ ಮತ್ತ," ಎಂದರು ಕಾಕಾ.

ಕಾಕಾ ತೀರಿಕೊಂಡ ಮೇಲೆ ಅದನ್ನು ಓಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೂ ಅದು ಗಾಜಿನ ಪೆಟ್ಟಿಗೆಗೇ ಹೋಯಿತು. ನಾನೊಮ್ಮೆ ನೋಡಿಬಂದೆ. ಎಣ್ಣೆಯ ಪಸೆಯಿಲ್ಲದೆ, ವಾಸನೆಯಿಲ್ಲದೆ ಹೊಳೆಯುತ್ತ ನಿಂತಿತ್ತು... ಕಾಕಾ ಇಲ್ಲ ಎಂಬ ದುಃಖ ಒಮ್ಮೆಲೇ ಉಕ್ಕಿಬಂತು. ಅಲ್ಲಿ ನಿಲ್ಲಲಾಗದೆ ಹೊರಬಿದ್ದೆ.

ಮೊನ್ನೆ ಕಾಕು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಕೇಳಿದರು. "ಅಮಾಸಿಗೆ ಜೇಜುರಿಗೆ ಹೊಂಟೇನಿ, ಭಂಡಾರ ತರ್ತೀನಿ. ಅವರಿಲ್ಲಂತ ಆ ಎಂಜಿನ್ನೂ ಸುಮ್ಮ ಕೂತದ ನೋಡು. ಒಂದ ಬೊಗಸಿ ಹಾಕಿದ್ರ ಮತ್ತ ಎದ್ದೀತು, ಅಲ್ಲೇನವಾ?"

ಕಾಕಾ ಇದ್ದಿದ್ದರೆ ಏನೆನ್ನುತ್ತಿದ್ದರೋ, ನಾನೂ ಅದನ್ನೇ ಅಂದೆ.

"ಹೌದ ಮತ್ತ, ಕಾಕು."